ದುಡ್ಡಿನ ಮಾತು ಕೊನೆಗೆ: ಒಂದು ಮಹಿಳಾ ಸಂಘದ ತಿಂಗಳ ಸಭೆಯ ಪ್ರಕರಣ ಅಧ್ಯಯನ

ತಿಪಟೂರು ಕಡೆಯ ಒಂದು ಹಳ್ಳಿಯಲ್ಲಿ 14 ಹೆಂಗಸರ ಸ್ವಸಹಾಯ ಸಂಘವೊಂದಿದೆ. ಪುಸ್ತಕ ತೆರೆದು ನೋಡಿದರೆ ಅದಕ್ಕಿಂತ ಒಳ್ಳೆಯ ಸಂಘ ಇರಲಾರದು. ನಡಾವಳಿ ಪುಸ್ತಕದಲ್ಲಿ ಪ್ರತಿ ತಿಂಗಳೂ 14 ಸಹಿ, ಬ್ಯಾಂಕಿನ ಕಂತು ಒಂದೂ ತಪ್ಪಿಲ್ಲ, ಉಳಿತಾಯದ ಕಾಲಂ ಖಾಲಿ ಬಿದ್ದಿಲ್ಲ. 2024ರ ದೀಪಾವಳಿಯ ಹೊತ್ತಿಗೆ ಇದೇ ಸಂಘ ಒಡೆಯುವ ಹಂತಕ್ಕೆ ಬಂತು. ಒಬ್ಬ ಸದಸ್ಯೆಯನ್ನು ತೆಗೆದುಹಾಕಬೇಕೆಂದು ನಾಲ್ವರು ಹಟ ಹಿಡಿದರು. ತೆಗೆದರೆ ನಾವೂ ಇರುವುದಿಲ್ಲ ಎಂದು ಇಬ್ಬರು ಕೂತರು. ಉಳಿದವರು ಮಾತೇ ಆಡಲಿಲ್ಲ. ನನ್ನನ್ನು ಹೆಚ್ಚು ಹೆದರಿಸಿದ್ದು ಆ ಮಾತಾಡದವರು.

ಇಂಥ ಸಂಘಗಳೆಲ್ಲ ಸೇರಿದ ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟದ ಕೆಲಸದಲ್ಲಿರುವುದರಿಂದ ಆ ಸಭೆಗಳಲ್ಲಿ ನಾನೂ ಇದ್ದೆ. ಊರಿನ ಹೆಸರನ್ನೂ ಹೆಂಗಸರ ಹೆಸರನ್ನೂ ಇಲ್ಲಿ ಬರೆಯುತ್ತಿಲ್ಲ. ಬರೆಯಬೇಡಿ ಎಂದವರು ಅವರೇ. ಆದರೆ ನಡೆದದ್ದನ್ನು ಬರೆಯಿರಿ ಎಂದವರೂ ಅವರೇ.

ಸಂಘದ ಹಿನ್ನೆಲೆ

ಇದು ಸ್ತ್ರೀಶಕ್ತಿ ಕಾಲದ ಸಂಘ. 2000-01ರಲ್ಲಿ ರಾಜ್ಯ ಸರ್ಕಾರ ಸ್ತ್ರೀಶಕ್ತಿ ಯೋಜನೆ ತಂದಾಗ ಅಂಗನವಾಡಿ ಕಾರ್ಯಕರ್ತೆಯರು ಮನೆಮನೆ ತಿರುಗಿ ಗುಂಪು ಕಟ್ಟಿದರು. ಈ ಊರಲ್ಲೂ ಅದಾದ ಕೆಲವು ವರ್ಷಗಳಲ್ಲಿ ಹಾಗೆಯೇ ಆಯಿತು. ಮುಂದೆ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನ ನಮ್ಮಲ್ಲಿ ಸಂಜೀವಿನಿ ಹೆಸರಿನಲ್ಲಿ ಬಂದಾಗ ಈ ಸಂಘ ಒಕ್ಕೂಟಕ್ಕೆ ಸೇರಿತು. ಅಷ್ಟರಲ್ಲಿ ಊರಿನ ಅರ್ಧ ಹೆಂಗಸರು ಧರ್ಮಸ್ಥಳ ಯೋಜನೆಯ ಸಂಘಗಳಲ್ಲೂ ಇದ್ದರು. ಒಬ್ಬಳೇ ಎರಡು ಮೂರು ಕಡೆ ಸದಸ್ಯೆಯಾಗಿರುವುದು ನಮ್ಮ ಹಳ್ಳಿಗಳಲ್ಲಿ ಹೊಸತೇನಲ್ಲ.

ಹೊಸ ತಲೆಮಾರಿನವರಿಗೆ ಗೊತ್ತಿರಲಿ ಎಂದು ಇನ್ನೊಂದು ಮಾತು. ಈ ಸಣ್ಣ ಗುಂಪಿನ ಪದ್ಧತಿ ಹುಟ್ಟಿದ್ದರಲ್ಲಿ ಕರ್ನಾಟಕದ ಪಾಲು ದೊಡ್ಡದು. 1980ರ ದಶಕದ ಮಧ್ಯದಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಕೆಲಸ ಮಾಡುತ್ತಿದ್ದ ಕಡೆ ದೊಡ್ಡ ಸಹಕಾರ ಸಂಘಗಳು ಒಡೆದವು. ಆಗ ಪರಸ್ಪರ ನಂಬಿಕೆಯಿದ್ದ ಜನ ತಾವೇ ಸಣ್ಣ ಸಣ್ಣ ಗುಂಪುಗಳಾಗಿ ಕೂತರು. ಅಂಥ ಅನುಭವಗಳನ್ನು ನೋಡಿಕೊಂಡೇ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ 1992ರಲ್ಲಿ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. ಗುಂಪಿಗೆ 20 ಜನರ ಮಿತಿ ಯಾಕೆ ಎಂದು ಹೆಂಗಸರು ಕೇಳುತ್ತಿರುತ್ತಾರೆ. ಅದಕ್ಕಿಂತ ಹೆಚ್ಚು ಮಂದಿ ಸೇರಿ ಲಾಭದ ವ್ಯವಹಾರ ಮಾಡಿದರೆ ನೋಂದಣಿ ಆಗಲೇಬೇಕೆಂದು ಹಳೆಯ ಕಂಪನಿ ಕಾಯ್ದೆ ಹೇಳುತ್ತಿತ್ತು. ಕಾರಣ ಅದು. ಅದಲ್ಲದೆ, 20 ದಾಟಿದರೆ ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುವ ಹಾಗೆ ಕೂರಲಿಕ್ಕೂ ಆಗುವುದಿಲ್ಲ. ನನ್ನ ಮಟ್ಟಿಗೆ ಈ ಎರಡನೆಯದೇ ದೊಡ್ಡ ಕಾರಣ.

ಸಭೆ ಎಂದರೆ ಏನಾಗಿತ್ತು

ಪಂಚಸೂತ್ರವನ್ನು ನಮ್ಮ ಹೆಂಗಸರು ನಿದ್ದೆಯಲ್ಲೂ ಹೇಳುತ್ತಾರೆ: ತಪ್ಪದ ಸಭೆ, ತಪ್ಪದ ಉಳಿತಾಯ, ಆಂತರಿಕ ಸಾಲ (ಸಂಘದ ದುಡ್ಡಿನಿಂದಲೇ ಸದಸ್ಯೆಯರಿಗೆ ಕೊಡುವ ಸಾಲ), ಸಕಾಲಕ್ಕೆ ಮರುಪಾವತಿ, ಸರಿಯಾದ ಲೆಕ್ಕ. ಸಭೆಗೆ ಮೊದಲ ಸ್ಥಾನ. ಈ ಊರಲ್ಲಿ ವಾರದ ಉಳಿತಾಯವನ್ನು ಸಂಘದ ಮುಂದಾಳಾದ ಮೊದಲನೇ ಪ್ರತಿನಿಧಿಯ ಮನೆಗೆ ಕೊಟ್ಟು ಬರುವುದು, ತಿಂಗಳಿಗೊಮ್ಮೆ ಎಲ್ಲರೂ ಕೂರುವುದು ಎಂದು ರೂಢಿಯಾಗಿತ್ತು. ತಿಂಗಳ ಮೊದಲ ಸೋಮವಾರ ಸಭೆ. ನಮ್ಮ ಸೀಮೆಯಲ್ಲಿ ಸೋಮವಾರ ಎತ್ತು ಕಟ್ಟುವುದಿಲ್ಲ, ಆದ್ದರಿಂದ ಹೊಲದ ಕೆಲಸ ಕಡಿಮೆ ಎಂಬ ಲೆಕ್ಕ. ಈಗ ಎತ್ತುಗಳೇ ಇಲ್ಲದ ಮನೆಗಳು ಹೆಚ್ಚು, ದಿನ ಮಾತ್ರ ಉಳಿದುಕೊಂಡಿದೆ.

ಹೊತ್ತು ಬೆಳಿಗ್ಗೆ 11 ಗಂಟೆ. ಇದು ಹೆಂಗಸರು ಆರಿಸಿದ ಹೊತ್ತಲ್ಲ. ಮೇಲಿನಿಂದ ಯಾರಾದರೂ ಬಂದು ಪುಸ್ತಕ ನೋಡುವುದಿದ್ದರೆ ಅವರಿಗೆ ಅದು ಅನುಕೂಲ. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟಕ್ಕೇರಿಸಿ ತಿಂಗಳುಗಟ್ಟಲೆ ಒಣಗಿಸಿ ಉಂಡೆ ಕೊಬ್ಬರಿ ಮಾಡುತ್ತಾರೆ. ಆಮೇಲೆ ಸುಲಿಯುವುದು, ಒಡೆಯುವುದು, ಆರಿಸುವುದು, ಅದರಲ್ಲಿ ಬಹುಪಾಲು ಹೆಂಗಸರ ಕೆಲಸ. ಪೇಟೆ ಅಂಚಿನ ಕಾಯಿತುರಿ ಫ್ಯಾಕ್ಟರಿಗಳಿಗೆ ಹೋಗುವವರೂ ಇದ್ದಾರೆ. 11 ಗಂಟೆಗೆ ಸಭೆಗೆ ಬರುವುದೆಂದರೆ ಆ ದಿನದ ಕೂಲಿ ಬಿಟ್ಟಂತೆಯೇ. ಹಾಗಾಗಿ ದುಡ್ಡನ್ನು ಮಗಳ ಕೈಲೋ ಅತ್ತೆಯ ಕೈಲೋ ಕಳಿಸುವುದು ಶುರುವಾಯಿತು. ದುಡ್ಡು ಬಂದರೆ ಹಾಜರಿ ಬಿತ್ತು. ಸಹಿಯನ್ನು ಆಮೇಲೆ ಮನೆಗೆ ಹೋಗಿ ಹಾಕಿಸಿಕೊಳ್ಳುವುದು.

ಬಂದ ಆರೇಳು ಮಂದಿಯಾದರೂ ಕೂರುತ್ತಿದ್ದರೇ? ಕಂತು ಕಟ್ಟಿದವರು ಎದ್ದು ಹೋಗುತ್ತಿದ್ದರು. ದುಡ್ಡು ಎಣಿಸುವುದೇ ಮೊದಲ ಕೆಲಸವಾಗಿದ್ದರಿಂದ, ಎಣಿಕೆ ಮುಗಿದೊಡನೆ ಸಭೆಯೂ ಮುಗಿಯುತ್ತಿತ್ತು. ಠರಾವುಗಳನ್ನು ಸಂಘದ ಪುಸ್ತಕ ಬರೆಯುವ, ಊರಿನ ಸೊಸೆಯೊಬ್ಬಳು ಮನೆಯಲ್ಲಿ ಕೂತು, ಹಿಂದಿನ ತಿಂಗಳಿನದನ್ನು ನೋಡಿಕೊಂಡು ಬರೆಯುತ್ತಿದ್ದಳು. ‘ಆರೋಗ್ಯದ ಬಗ್ಗೆ ಚರ್ಚಿಸಲಾಯಿತು’ ಎಂಬ ಸಾಲು ಆ ಪುಸ್ತಕದ ಪುಟಪುಟದಲ್ಲೂ ಇದೆ. ಯಾರ ಆರೋಗ್ಯ, ಏನು ಚರ್ಚೆ ಎಂಬುದು ಎಲ್ಲೂ ಇಲ್ಲ.

ಜಾಗದ ವಿಷಯವೂ ಇತ್ತು. ಸಭೆ ನಡೆಯುತ್ತಿದ್ದದ್ದು ಗುಡಿಯ ಜಗಲಿಯಲ್ಲಿ. 14 ಜನರಲ್ಲಿ ಮೂವರು ಕಾಲೊನಿಯವರು. ಅವರು ಜಗಲಿ ಹತ್ತುತ್ತಿರಲಿಲ್ಲ, ಕೆಳಗೆ ಮೆಟ್ಟಿಲ ಬಳಿ ನಿಂತು ದುಡ್ಡು ಕೊಟ್ಟು ಹೋಗುತ್ತಿದ್ದರು. ಹತ್ತಬೇಡಿ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹತ್ತಿ ಬನ್ನಿ ಎಂದೂ ಯಾರೂ ಕರೆದಿರಲಿಲ್ಲ. ಇಷ್ಟು ವರ್ಷಗಳ ನಡಾವಳಿ ಪುಸ್ತಕದಲ್ಲಿ ಇದರ ಬಗ್ಗೆ ಒಂದಕ್ಷರ ಇಲ್ಲ. ಪರಿಶೀಲನೆಗೆ ಬಂದವರ್ಯಾರೂ ಇದನ್ನು ಕೇಳಿಯೂ ಇಲ್ಲ. ಸಂಘಗಳಿಗೆ ಅಂಕ ಕೊಡುವ ನಮ್ಮ ನಮೂನೆಗಳಲ್ಲಿ ಯಾರು ಎಲ್ಲಿ ಕೂರುತ್ತಾರೆ ಎಂಬ ಪ್ರಶ್ನೆಯೇ ಇಲ್ಲ. ಇರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಜಗಳ

ತೆಗೆದುಹಾಕಬೇಕೆಂದು ಒತ್ತಾಯ ಬಂದ ಸದಸ್ಯೆ ಆ ಮೂವರಲ್ಲಿ ಒಬ್ಬಳು. ಗಂಡ ತೆಂಗಿನಮರ ಹತ್ತಿ ಕಾಯಿ ಕೀಳುವವನು, ಬಿದ್ದು ಸೊಂಟಕ್ಕೆ ಪೆಟ್ಟಾಗಿ ಮನೆ ಹಿಡಿದಿದ್ದ. ಆಸ್ಪತ್ರೆ ಖರ್ಚಿಗೆಂದು ಅವಳು ಫೈನಾನ್ಸ್ ಕಂಪನಿಯೊಂದರಿಂದ ಸಾಲ ತೆಗೆದಿದ್ದಳು. ಆ ಸಾಲದ ಕಂತು ಕಟ್ಟಲು ಇನ್ನೊಂದು ಕಂಪನಿಯ ಸಾಲ. ಹೀಗೆ ಸಾಲ ಕೊಡುವಾಗ ಐದಾರು ಹೆಂಗಸರನ್ನು ಸೇರಿಸಿ ಒಬ್ಬರಿಗೊಬ್ಬರು ಜಾಮೀನು ಎಂದು ಬರೆಸಿಕೊಳ್ಳುತ್ತಾರೆ. ಜಾಮೀನು ನಿಂತವರು ನಮ್ಮ ಸಂಘದವರೇ ನಾಲ್ವರು. ಅವಳು ಕಟ್ಟದ ವಾರ ಅವರು ಕಟ್ಟಿದರು. ಮತ್ತೆ ಕಟ್ಟಿದರು. ಮೂರನೆಯ ಸಲ ವಸೂಲಿಯವನು ರಾತ್ರಿ ಎಂಟು ಗಂಟೆಗೆ ಬಂದು ಅವರಲ್ಲಿ ಒಬ್ಬಳ ಮನೆ ಮುಂದೆ ಕೂತಾಗ, ಆ ಮನೆಯಲ್ಲಿ ಗಂಡ ಹೆಂಡತಿಗೆ ಜಗಳವಾಯಿತು.

ಕಾನೂನು ಪ್ರಕಾರ ಆ ಸಾಲಕ್ಕೂ ನಮ್ಮ ಸಂಘಕ್ಕೂ ಸಂಬಂಧವಿಲ್ಲ. ನಮ್ಮ ಸಂಘದಲ್ಲಿ ಅವಳ ಬಾಕಿ ಚಿಕ್ಕದು, ಅದನ್ನು ಅವಳು ಸರಿಯಾಗಿಯೇ ಕಟ್ಟುತ್ತಿದ್ದಳು. ಆದರೆ ಹಳ್ಳಿಯಲ್ಲಿ ಆ ಸಂಘ, ಈ ಸಂಘ ಎಂದು ಯಾರೂ ಬಿಡಿಸಿ ನೋಡುವುದಿಲ್ಲ. ಕೂರುವವರು ಅದೇ ಹೆಂಗಸರು, ಕೊಡುವುದು ಅದೇ ಸೀರೆ ಸೆರಗಿನ ಗಂಟಿನ ದುಡ್ಡು. ‘ಅಲ್ಲಿ ಮೋಸ ಮಾಡಿದೋಳು ಇಲ್ಲಿ ಬಿಡ್ತಾಳಾ?’ ಎಂಬ ಮಾತು ಎದ್ದಿತು. ಅದರ ಹಿಂದೆಯೇ ‘ಅವರನ್ನ ಸೇರಿಸಿಕೊಂಡಿದ್ದೇ ತಪ್ಪು’ ಎಂಬ ಮಾತೂ ಬಂತು. ಸಾಲದ ಸಿಟ್ಟಿನ ಒಳಗೆ ಜಾತಿಯ ಸಿಟ್ಟೂ ಸೇರಿದೆ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಾಯಿತು.

ಆ ದಿನ ಜಗಲಿಯ ಮೇಲೆ ಯಾವ ತೀರ್ಮಾನವನ್ನೂ ತೆಗೆದುಕೊಳ್ಳಬಾರದೆಂದು ತಡೆದವರು ಸಂಘದ ಅತಿ ಹಿರಿಯ ಸದಸ್ಯೆ. ಆಕೆ ಹೆಬ್ಬೆಟ್ಟಿನವರು, ಸಂಘ ಕಟ್ಟಿದ ದಿನದಿಂದ ಇರುವವರು. ‘ಅವಳಿಲ್ಲದಾಗ ಅವಳ ಮಾತು ಆಡೋದು ಬೇಡ. ಅವಳು ಬರೋ ಹೊತ್ತಲ್ಲಿ, ಅವಳು ಕೂರೋ ಜಾಗದಲ್ಲಿ ಸಭೆ ಕರೀರಿ’ ಎಂದರು. ಈ ಪ್ರಕರಣ ತಿರುಗಿದ್ದು ಈ ಮಾತಿನಿಂದಲೇ.

ರಾತ್ರಿಯ ಸಭೆ

ಮುಂದಿನ ಸಭೆ ಅಂಗನವಾಡಿಯಲ್ಲಿ, ರಾತ್ರಿ ಎಂಟಕ್ಕೆ. ಸೀರಿಯಲ್ ಹೊತ್ತು ಎಂದು ಕೆಲವರು, ಮಕ್ಕಳಿಗೆ ಊಟ ಹಾಕಬೇಕು ಎಂದು ಕೆಲವರು ಗೊಣಗಿದರು. ಆದರೂ 12 ಮಂದಿ ಬಂದರು. ಅಷ್ಟು ಜನ ಒಟ್ಟಿಗೆ ಚಾಪೆ ಮೇಲೆ ಸುತ್ತ ಕೂತದ್ದನ್ನು ನಾನು ಆ ಊರಲ್ಲಿ ಮೊದಲ ಬಾರಿ ಕಂಡೆ. ಗುಡಿ ಬೀದಿಯ ಒಬ್ಬಾಕೆ ಜಾಗದ ಕಾರಣಕ್ಕೇ ಬರಲಿಲ್ಲ. ಎರಡು ತಿಂಗಳು ಬಿಟ್ಟು ಬಂದರು. ಯಾರೂ ಏನೂ ಕೇಳಲಿಲ್ಲ, ಚಾಪೆಯಲ್ಲಿ ಜಾಗ ಮಾಡಿಕೊಟ್ಟರು.

ಆ ರಾತ್ರಿ ಮೊದಲು ಆದದ್ದು ಸಾಲದ ಪಟ್ಟಿ. ಆರೋಪ ಹೊತ್ತವಳನ್ನು ನಿಲ್ಲಿಸಿ ಪ್ರಶ್ನೆ ಕೇಳುವ ಬದಲು, ಪ್ರತಿಯೊಬ್ಬರೂ ತಮ್ಮ ಹೊರಗಿನ ಸಾಲ ಹೇಳಬೇಕೆಂದು ಆ ಹಿರಿಯಾಕೆ ಸೂಚಿಸಿದರು. ತಮ್ಮದನ್ನೇ ಮೊದಲು ಹೇಳಿದರು: ಮೊಮ್ಮಗನ ಕಾಲೇಜಿಗೆ ಒಡವೆ ಇಟ್ಟದ್ದು, ಕೈಸಾಲ, ಅಂಗಡಿ ಬಾಕಿ. ಅಂಗನವಾಡಿಯ ಕಪ್ಪು ಹಲಗೆಯ ಮೇಲೆ ಪುಸ್ತಕ ಬರೆಯುವ ಸೊಸೆ ಬರೆಯುತ್ತ ಹೋದಳು. ಮೂರ್ನಾಲ್ಕು ಹೆಸರು ಆಗುವಷ್ಟರಲ್ಲಿ ಕೋಣೆಯ ಹವೆಯೇ ಬದಲಾಯಿತು. ಹೊರಗಿನ ಸಾಲವಿಲ್ಲದವಳು ಒಬ್ಬಳೇ. ತೆಗೆದುಹಾಕಿ ಎಂದಿದ್ದ ನಾಲ್ವರಲ್ಲಿ ಒಬ್ಬಳ ಸಾಲ ಆ ಕಾಲೊನಿಯ ಹೆಂಗಸಿನ ಸಾಲಕ್ಕಿಂತ ಹೆಚ್ಚಿತ್ತು, ಗಂಡನಿಗೆ ಗೊತ್ತಿರಲಿಲ್ಲ. ಅದನ್ನು ಹೇಳುವಾಗ ಅವಳು ಅತ್ತಳು.

ಆಮೇಲೆ ಕಾನೂನಿನ ಮಾತು. ನನಗೆ ಗೊತ್ತಿದ್ದಷ್ಟನ್ನು ಹೇಳಿದೆ. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದಂತೆ, ಕುಟುಂಬದ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚು ಹಣ ಸಾಲದ ಕಂತುಗಳಿಗೆ ಹೋಗುವ ಹಾಗೆ ಕಿರುಸಾಲ ಕೊಡುವಂತಿಲ್ಲ. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಸಾಲಗಾರರಿಗೆ ಫೋನ್ ಮಾಡುವಂತಿಲ್ಲ. ವಸೂಲಿ ಇಬ್ಬರೂ ಒಪ್ಪಿದ ಜಾಗದಲ್ಲಿ ಆಗಬೇಕು. ಅಲ್ಲಿಗೆ ಸಾಲಗಾರರು ಸತತ ಎರಡು ಅಥವಾ ಹೆಚ್ಚು ಸಲ ಬಾರದಿದ್ದರೆ ಮಾತ್ರ ಮನೆಗೆ ಬರಬಹುದು. ಸಾಲಗಾರರನ್ನಾಗಲಿ ಅವರ ಮನೆಯವರನ್ನಾಗಲಿ ಬೈಯುವಂತಿಲ್ಲ, ಬೆದರಿಸುವಂತಿಲ್ಲ. ಇದನ್ನು ಕೇಳಿ ಹೆಂಗಸರಿಗೆ ಸಿಟ್ಟು ಬಂತು, ಆದರೆ ಆ ಸಿಟ್ಟು ಈಗ ಒಬ್ಬರ ಮೇಲೊಬ್ಬರಿಗೆ ಇರಲಿಲ್ಲ. ಕೆಲವು ತಿಂಗಳಲ್ಲಿ, 2025ರ ಫೆಬ್ರವರಿಯಲ್ಲಿ, ಬಲವಂತದ ವಸೂಲಿ ತಡೆಯಲು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಾಗ ಊರಲ್ಲಿ ‘ಸಾಲವೆಲ್ಲ ಮನ್ನಾ’ ಎಂಬ ಸುದ್ದಿ ಹಬ್ಬಿತು. ಆ ತಿಂಗಳ ಸಭೆಯಲ್ಲಿ ಅದನ್ನೇ ಎತ್ತಿಕೊಂಡು, ನಿಯಮದಂತೆ ನಡೆಯುವ ಕಂಪನಿಯ ಸಾಲ ಅದರಿಂದ ಮಾಯವಾಗುವುದಿಲ್ಲ, ತಡೆ ಇರುವುದು ಬಲವಂತಕ್ಕೆ ಎಂದು ಬಿಡಿಸಿ ಹೇಳಬೇಕಾಯಿತು. ಆ ಸುದ್ದಿ ನಂಬಿ ಕಂತು ನಿಲ್ಲಿಸಿದ್ದ ಬೇರೆ ಊರಿನವರು ಆಮೇಲೆ ಪಟ್ಟ ಪಾಡನ್ನು ನಾನು ಕಂಡಿದ್ದೇನೆ.

ಸದಸ್ಯೆಯನ್ನು ತೆಗೆಯುವ ಠರಾವು ಮಂಡನೆಯೇ ಆಗಲಿಲ್ಲ. ಎರಡು ಕಂಪನಿಗಳ ಸಾಲದಲ್ಲಿ ಚಿಕ್ಕದನ್ನು ತೀರಿಸಲು ಸಂಘದ ಆಂತರಿಕ ಸಾಲ ಕೊಡುವುದೆಂದೂ, ಕಂತನ್ನು ಅವಳ ದುಡಿಮೆಗೆ ತಕ್ಕಂತೆ ಸಣ್ಣದಾಗಿ ಹಾಕುವುದೆಂದೂ ತೀರ್ಮಾನವಾಯಿತು. ಅವಳಿಗಾಗಿ ಕಂತು ಕಟ್ಟಿದ್ದ ನಾಲ್ವರ ದುಡ್ಡನ್ನು ಮೊದಲು ವಾಪಸ್ ಕೊಡಬೇಕೆಂದು ಅವಳೇ ಕೇಳಿದಳು. ಗೃಹಲಕ್ಷ್ಮಿಯ 2,000 ರೂಪಾಯಿ ಬಂದ ತಿಂಗಳುಗಳಲ್ಲಿ ಅದನ್ನು ಅದಕ್ಕೇ ಇಟ್ಟಳು. ಬಾರದ ತಿಂಗಳು ಬಿಟ್ಟುಹೋಯಿತು.

ಬಡ್ಡಿ ಲೆಕ್ಕ ಬಯಲಾದದ್ದು

ಆ ಆಂತರಿಕ ಸಾಲದ ಕಂತು ಹಾಕುವಾಗ ಇನ್ನೊಂದು ಸಂಗತಿ ಹೊರಬಿತ್ತು. ನನಗೆ ಈ ಪ್ರಕರಣದಲ್ಲಿ ಅತಿ ಮುಖ್ಯ ಅನ್ನಿಸುವುದು ಇದು.

ಸಂಘದ ಬಡ್ಡಿ ತಿಂಗಳಿಗೆ ನೂರಕ್ಕೆ ಎರಡು. 10,000 ರೂಪಾಯಿ ಸಾಲವನ್ನು ಹತ್ತು ತಿಂಗಳಲ್ಲಿ ತೀರಿಸುವುದಾದರೆ, ಅಸಲು ಕಡಿಮೆಯಾದಂತೆ ಬಡ್ಡಿಯೂ ಇಳಿಯಬೇಕು: ಮೊದಲ ತಿಂಗಳು 200, ಎರಡನೆಯದು 180, ಆಮೇಲೆ 160. ಕೊನೆಯ ತಿಂಗಳು 20. ಒಟ್ಟು ಬಡ್ಡಿ 1,100 ರೂಪಾಯಿ. ಇಳಿಸದೆ ಪ್ರತಿ ತಿಂಗಳೂ 200 ಹಿಡಿದರೆ 2,000 ಆಗುತ್ತದೆ. ಹಲಗೆ ಮೇಲೆ ಲೆಕ್ಕ ಬರೆದು ಗಟ್ಟಿಯಾಗಿ ಓದಿದಾಗ ಹಿಂದೆ ಕೂತಿದ್ದ ಒಬ್ಬಾಕೆ, ‘ನಂಗೆ ಕೊನೇ ತಿಂಗಳೂ ಇನ್ನೂರೇ ಹಿಡಿದ್ರಲ್ಲ?’ ಎಂದರು. ಪುಸ್ತಕ ತೆಗೆದು ನೋಡಿದರೆ ನಿಜ. ಕೆಲವರಿಗೆ ಇಳಿಕೆ ಬಡ್ಡಿ, ಕೆಲವರಿಗೆ ಇಳಿಯದ ಬಡ್ಡಿ.

ಇದರಲ್ಲಿ ಕಳ್ಳತನ ಇರಲಿಲ್ಲ. ಹೆಚ್ಚು ಬಂದದ್ದೆಲ್ಲ ಸಂಘದ ಖಾತೆಯಲ್ಲೇ ಇತ್ತು. ಬರೆಯುವ ಸೊಸೆಗೆ ಹಿಂದಿನವರು ಹೇಳಿಕೊಟ್ಟದ್ದು ಹಾಗೆ. ಓದು ಬರಹ ಬಲ್ಲವರು ಪಾಸ್‌ಬುಕ್ ನೋಡಿ ಕೇಳಿದಾಗ ಅವರಿಗೆ ಇಳಿಸಿದಳು. ಕೇಳದವರಿಗೆ ಇಳಿಸಲಿಲ್ಲ. ಕೇಳದವರು ಎಂದರೆ ಹೆಬ್ಬೆಟ್ಟಿನವರು, ಜಗಲಿ ಹತ್ತದವರು, ಕೂಲಿ ಬಿಡಲಾಗದೆ ಮಗಳ ಕೈಲಿ ದುಡ್ಡು ಕಳಿಸಿದವರು. ಅತಿ ಬಡವರು ಅತಿ ಹೆಚ್ಚು ಬಡ್ಡಿ ಕಟ್ಟಿದ್ದರು, ಅದೂ ತಮ್ಮದೇ ಸಂಘದಲ್ಲಿ. ಸಭೆ ಕೂರದೆ ಹೋದದ್ದರ ಬೆಲೆ ಇಷ್ಟು ಸ್ಪಷ್ಟವಾಗಿ ರೂಪಾಯಿಯಲ್ಲಿ ಕಂಡದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಹೆಚ್ಚು ಹಿಡಿದದ್ದನ್ನು ಅವರವರ ಉಳಿತಾಯಕ್ಕೆ ಸೇರಿಸುವುದೆಂದು ತೀರ್ಮಾನವಾಯಿತು. ಹಳೆಯ ಪುಸ್ತಕಗಳನ್ನು ತಿರುವಿ ಲೆಕ್ಕ ತೆಗೆಯಲು ಒಕ್ಕೂಟದ ಮುಖ್ಯ ಪುಸ್ತಕ ಬರಹಗಾರ್ತಿ ಬಂದು ಕೂತಳು. ಎಲ್ಲ ವರ್ಷಗಳ ಲೆಕ್ಕ ಸಿಗಲಿಲ್ಲ. ಒಂದು ಪುಸ್ತಕ ಗೆದ್ದಲು ಹಿಡಿದಿತ್ತು. ಆ ಕಾಲದ್ದನ್ನು ಬಿಡುವುದೆಂದು ಎಲ್ಲರೂ ಒಪ್ಪಿದರು, ಒಬ್ಬಾಕೆ ಮಾತ್ರ ಒಪ್ಪದೆ ಸಂಘ ಬಿಟ್ಟರು. ಅವರದು ನ್ಯಾಯವಾದ ಸಿಟ್ಟೇ.

ಕ್ರಮ ಬದಲಾದ ಮೇಲೆ

ಆ ರಾತ್ರಿಯ ನಂತರ ಸಭೆಯ ಕ್ರಮವನ್ನೇ ತಲೆಕೆಳಗು ಮಾಡಿದರು. ಮೊದಲು ಹಾಜರಿ, ಮುಖ ನೋಡಿ. ಆಮೇಲೆ ಹಿಂದಿನ ತಿಂಗಳ ಠರಾವನ್ನು ಗಟ್ಟಿಯಾಗಿ ಓದುವುದು, ಆಯಿತೇ ಇಲ್ಲವೇ ಎಂದು ಹೇಳುವುದು. ನಂತರ ಆ ತಿಂಗಳ ಒಂದು ವಿಷಯ. ಒಂದೇ. ಅದನ್ನು ಸರದಿಯ ಮೇಲೆ ಒಬ್ಬ ಸದಸ್ಯೆ ಆರಿಸಬೇಕು, ಹೊರಗಿನಿಂದ ಬಂದ ನಾವಲ್ಲ. ದುಡ್ಡು ಕಟ್ಟಿಸಿಕೊಳ್ಳುವುದು ಕೊನೆಯಲ್ಲಿ, ಪ್ರತಿಯೊಬ್ಬರ ಅಸಲು, ಬಡ್ಡಿ, ಬಾಕಿಯನ್ನು ಓದಿ ಹೇಳಿ. ದುಡ್ಡು ಕೊನೆಗೆ ಹೋದದ್ದರಿಂದ ಯಾರೂ ಮಧ್ಯೆ ಎದ್ದು ಹೋಗಲಿಲ್ಲ. ಇಷ್ಟು ಸರಳ ಬದಲಾವಣೆ ಇಷ್ಟು ಕೆಲಸ ಮಾಡೀತೆಂದು ನಾನು ಅಂದುಕೊಂಡಿರಲಿಲ್ಲ. ತರಬೇತಿಗಳಲ್ಲಿ ನಾವು ಹೇಳಿಕೊಡುವ ಎಷ್ಟೋ ಸಂಗತಿಗಳಿಗಿಂತ ಇದು ಮುಖ್ಯ ಎಂದು ಈಗ ಹೋದಲ್ಲೆಲ್ಲ ಹೇಳುತ್ತೇನೆ.

ಸದಸ್ಯೆಯರೇ ಆರಿಸಿದ ವಿಷಯಗಳು ನಮ್ಮ ಪಟ್ಟಿಗಿಂತ ಬೇರೆಯೇ ಇದ್ದವು. ಒಬ್ಬಳು ನೀರನ್ನು ಎತ್ತಿಕೊಂಡಳು. ಜಲಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಹಳ್ಳಿಯಲ್ಲಿ ಐವರು ಹೆಂಗಸರಿಗೆ ನೀರು ಪರೀಕ್ಷೆ ಕಲಿಸಬೇಕೆಂದಿದೆ. ಈ ಊರಲ್ಲಿ ಕಿಟ್ ಬಂದಿತ್ತು, ಪೆಟ್ಟಿಗೆಯಲ್ಲೇ ಉಳಿದಿತ್ತು. ಸಭೆಯಲ್ಲೇ ಅದನ್ನು ಬಿಚ್ಚಿ ಎರಡು ಕೊಳವೆಬಾವಿಗಳ ನೀರು ನೋಡಿದರು. ತುಮಕೂರು ಜಿಲ್ಲೆಯ ನೀರಿನಲ್ಲಿ ಫ್ಲೋರೈಡ್ ಹಳೆಯ ಸಮಸ್ಯೆ, ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಕುಡಿಯಬಾರದು. ಒಂದು ಬಾವಿಯ ನೀರಿನ ಬಣ್ಣ ಅನುಮಾನ ಹುಟ್ಟಿಸಿತು. ಕಿಟ್ ಕೊಡುವುದು ಅಂದಾಜು ಮಾತ್ರ, ಆದ್ದರಿಂದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಬೇಕೆಂದು ಠರಾವು ಮಾಡಿ ಪಂಚಾಯಿತಿಗೆ ಕೊಟ್ಟರು. ಕೆಟ್ಟು ನಿಂತಿದ್ದ ಶುದ್ಧ ನೀರಿನ ಘಟಕದ ರಿಪೇರಿಯನ್ನೂ ಅದೇ ಕಾಗದದಲ್ಲಿ ಕೇಳಿದರು. ರಿಪೇರಿ ಆಯಿತು.

ರಕ್ತಹೀನತೆಯ ಸಭೆಗೆ ಆಶಾ ಕಾರ್ಯಕರ್ತೆಯ ಜೊತೆ ಆರೋಗ್ಯ ಕೇಂದ್ರದವರು ಬಂದು ಹಿಮೋಗ್ಲೋಬಿನ್ ನೋಡಿದರು. ಗರ್ಭಿಣಿಯಲ್ಲದ ಹೆಂಗಸಿಗೆ 12 ಗ್ರಾಂ ಇರಬೇಕು ಎಂದು ಗೊತ್ತಾದಾಗ, ತಮ್ಮ ತಮ್ಮ ಚೀಟಿ ಹಿಡಿದು ಒಬ್ಬರದನ್ನೊಬ್ಬರು ನೋಡಿಕೊಂಡರು. ರಾಗಿ, ನುಗ್ಗೆಸೊಪ್ಪು ಎಂದು ಹೇಳುವುದು ಸುಲಭ. ಎಲ್ಲರಿಗೂ ಬಡಿಸಿ ಉಳಿದದ್ದನ್ನು ತಿನ್ನುವ ಪದ್ಧತಿಯ ಬಗ್ಗೆ ಆ ರಾತ್ರಿ ನಡೆದ ಮಾತು ಅದಕ್ಕಿಂತ ಬೆಲೆಯುಳ್ಳದ್ದು. ನಡಾವಳಿ ಪುಸ್ತಕದಲ್ಲಿ ಅದನ್ನು ಹಾಗೆಯೇ ಬರೆಸಿದರು.

ಉದ್ಯೋಗ ಖಾತ್ರಿಗೆ ನಮೂನೆ 6ರಲ್ಲಿ ಅರ್ಜಿ ಹಾಕಿ ಸ್ವೀಕೃತಿ ಪಡೆಯುವುದನ್ನು ಒಂದು ಸಭೆಯಲ್ಲಿ ಕಲಿತರು. ಹುರಿಹಿಟ್ಟು ಮಾಡಿ ಮಾರುವ ಯತ್ನ ಮಾತ್ರ ನಿಂತುಹೋಯಿತು. ಪ್ಯಾಕಿಂಗ್, ಪರವಾನಗಿ, ಪೇಟೆಗೆ ಒಯ್ಯುವವರು, ಯಾವುದೂ ಹೊಂದಲಿಲ್ಲ. ನಿಲ್ಲಿಸುವ ತೀರ್ಮಾನವನ್ನೂ ಸಭೆಯಲ್ಲೇ ಲೆಕ್ಕ ಓದಿ ತೆಗೆದುಕೊಂಡರು. ಹಾಕಿದ ಬಂಡವಾಳದಲ್ಲಿ ಎಷ್ಟು ಹೋಯಿತು ಎಂಬುದು ಎಲ್ಲರಿಗೂ ಗೊತ್ತು, ಆದ್ದರಿಂದ ಯಾರ ಮೇಲೂ ಅನುಮಾನ ಉಳಿಯಲಿಲ್ಲ.

ಈಗಿನ ಸ್ಥಿತಿ

ಸಂಘದಲ್ಲಿ ಈಗ 12 ಮಂದಿ. ಲೆಕ್ಕದ ಸಿಟ್ಟಿನಿಂದ ಬಿಟ್ಟವರು ಒಬ್ಬರು, ಮಗನ ಜೊತೆ ಬೆಂಗಳೂರಿಗೆ ಹೋದವರು ಇನ್ನೊಬ್ಬರು. ಸಾಲದ ಸದಸ್ಯೆ ಉಳಿದಿದ್ದಾಳೆ. ಎರಡನೆಯ ಕಂಪನಿಯ ಸಾಲ ಇನ್ನೂ ತೀರಿಲ್ಲ. ಗಂಡ ಮರ ಹತ್ತುವಂತಿಲ್ಲ, ಕಾಯಿ ಎಣಿಸುವ ಕೆಲಸಕ್ಕೆ ಹೋಗುತ್ತಾನೆ. ಜಾಮೀನು ನಿಂತಿದ್ದ ನಾಲ್ವರಲ್ಲಿ ಮೂವರು ಅವಳೊಂದಿಗೆ ಮೊದಲಿನಂತೆ ಇದ್ದಾರೆ, ಒಬ್ಬಳು ಇನ್ನೂ ಮಾತಾಡುವುದಿಲ್ಲ. ಆದರೆ ಅದೇ ಚಾಪೆ ಮೇಲೆ ಕೂರುತ್ತಾಳೆ.

ಕಾಲೊನಿಯಲ್ಲಿ ಬೇರೆಯದೇ ಒಂದು ಸಂಘವಿದೆ. ಎರಡೂ ಸಂಘಗಳು ಮೂರು ತಿಂಗಳಿಗೊಮ್ಮೆ ಸೇರಿ ಕೂರಬೇಕೆಂಬ ಮಾತು ಎರಡು ಸಲ ಬಂದು ಎರಡು ಸಲವೂ ಮುಂದೆ ಹೋಗಿದೆ. ಸೇರಿದಾಗ ಟೀ ಯಾರ ಮನೆಯಿಂದ ಎಂಬಲ್ಲಿ ಅದು ನಿಂತಿದೆ. ಸಾಲದ ಜಗಳವನ್ನು ಬಗೆಹರಿಸಿದ ಹೆಂಗಸರಿಗೆ ಇದು ಇನ್ನೂ ಆಗಿಲ್ಲ ಎಂಬ ನೋವು ನನಗಿದೆ, ಅದನ್ನು ಅವರ ಮುಂದೆಯೂ ಹೇಳಿದ್ದೇನೆ.

ಒಕ್ಕೂಟದ ಇನ್ನೂ ಕೆಲವು ಸಂಘಗಳು ದುಡ್ಡನ್ನು ಕೊನೆಗಿಡುವ ಕ್ರಮವನ್ನು ತೆಗೆದುಕೊಂಡಿವೆ. ರಾತ್ರಿ ಕೂರುವ ಕಡೆ ನಡೆಯುತ್ತಿದೆ, ಹಗಲು ಕೂರುವ ಕಡೆ ಮತ್ತೆ ಹಳೆಯದಕ್ಕೇ ಜಾರಿದೆ. ರಾತ್ರಿ ಸಭೆಗೆ ತೊಂದರೆ ಎಂದರೆ ಕತ್ತಲು. ಈ ಊರಿನ ಅಂಗನವಾಡಿಯಿಂದ ಕಾಲೊನಿಯವರೆಗಿನ ದಾರಿಯಲ್ಲಿ ಬೀದಿ ದೀಪವಿಲ್ಲ. ಅದಕ್ಕಾಗಿ ಸಂಘ ಮಾಡಿದ ಠರಾವು ಗ್ರಾಮಸಭೆಯಲ್ಲಿ ಓದಿ ದಾಖಲಾಗಿದೆ, ಮುಂದಿನ ಕ್ರಿಯಾಯೋಜನೆಗೆ ಸೇರಿಸುವುದಾಗಿ ಪಂಚಾಯಿತಿ ಬರೆದುಕೊಟ್ಟಿದೆ. ಕಂಬ ಬರುವ ತನಕ ಸಭೆ ಮುಗಿದ ಮೇಲೆ ಕಾಲೊನಿಯ ಸದಸ್ಯೆಯರನ್ನು ಉಳಿದವರು ಸರದಿಯ ಮೇಲೆ ಬಿಟ್ಟು ಬರಬೇಕೆಂಬುದೂ ಅದೇ ಪುಟದಲ್ಲಿ ಠರಾವಾಗಿದೆ.